ಸರ್ವರ್ ಸತ್ತರೆ ಹೇಳೋರು ಯಾರು?

(ಮೈಸೂರಿನಲ್ಲಿ ಸೆಲ್ಫ್‌ಹೋಸ್ಟಿಂಗ್, ಅಂದರೆ ಸ್ವಂತ ಸರ್ವರ್ ನಡೆಸುವುದರಲ್ಲಿ ಆಸಕ್ತಿ ಇರುವವರ ಮುಂದೆ ಆಡಿದ ಮಾತಿನ ಬರಹ ರೂಪ. ಪರದೆಯ ಮೇಲೆ ತೋರಿಸಿದ ಆಜ್ಞೆಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕೊನೆಯಲ್ಲಿ ಕೇಳುಗರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಸ್ವಂತ ಸರ್ವರ್ ಇಟ್ಟುಕೊಂಡವರು ಒಂದು ಸಲ ಕೈ ಎತ್ತಿ. ಪರವಾಗಿಲ್ಲ, ತುಂಬಾ ಜನ ಇದ್ದೀರಿ. ಫೋಟೋಗೆ ಇಮ್ಮಿಚ್, ಸಿನಿಮಾಗೆ ಜೆಲ್ಲಿಫಿನ್, ಫೈಲುಗಳಿಗೆ ನೆಕ್ಸ್ಟ್‌ಕ್ಲೌಡ್, ಜಾಹೀರಾತು ತಡೆಯಲು ಪೈ-ಹೋಲ್. ಈಗ ಇನ್ನೊಂದು ಪ್ರಶ್ನೆ. ನಿನ್ನೆ ರಾತ್ರಿ ನಿಮ್ಮ ಬ್ಯಾಕಪ್ ಆಯಿತಾ?

ಮುಂದಿನ ಸಾಲಿನಿಂದ ಒಬ್ಬ ಹುಡುಗ ಉತ್ತರ ಕೊಟ್ಟ. "ಆಗಿರುತ್ತೆ ಸಾರ್. ಏನೂ ಮೆಸೇಜ್ ಬಂದಿಲ್ಲವಲ್ಲ."

ಇವತ್ತಿನ ಮಾತೆಲ್ಲ ಈ ಉತ್ತರದ ಸುತ್ತಲೇ. ಮೆಸೇಜ್ ಬರದೇ ಇರುವುದಕ್ಕೆ ಎರಡು ಕಾರಣ ಇರಬಹುದು. ಎಲ್ಲ ಸರಿಯಾಗಿರಬಹುದು, ಇಲ್ಲವೇ ಮೆಸೇಜ್ ಕಳಿಸಬೇಕಾದ ಯಂತ್ರವೇ ಮಲಗಿರಬಹುದು. ನಿಮ್ಮ ಫೋನಿನಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ. ಅಲರ್ಟ್ ಕಳಿಸುವುದು ಸುಲಭದ ಕೆಲಸ. ಅಲರ್ಟ್ ಬಾರದೇ ಇದ್ದಾಗ ಯಾವ ಕಾರಣಕ್ಕೆ ಬರಲಿಲ್ಲ ಅಂತ ತಿಳಿಯುವುದೇ ಕಷ್ಟ.

ಮೊದಲು ಫೋನಿಗೆ ನೋಟಿಫಿಕೇಶನ್ ಬರುವ ದಾರಿ ನೋಡೋಣ. ಪ್ರತಿ ಆ್ಯಪ್ಪೂ ತನ್ನ ಸರ್ವರ್ ಜೊತೆ ದಿನವಿಡೀ ಸಂಪರ್ಕ ಹಿಡಿದು ಕೂತರೆ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ. ಅದಕ್ಕೇ ಆ್ಯಪಲ್ 2009ರಲ್ಲಿ ಐಫೋನಿನ ಮೂರನೇ ಆವೃತ್ತಿಯ ತಂತ್ರಾಂಶದ ಜೊತೆ ಒಂದು ವ್ಯವಸ್ಥೆ ತಂದಿತು. ಫೋನು ಆ್ಯಪಲ್ ಜೊತೆ ಒಂದೇ ಒಂದು ಸಂಪರ್ಕ ಇಟ್ಟುಕೊಳ್ಳುತ್ತದೆ. ಎಲ್ಲ ಆ್ಯಪ್‌ಗಳ ಸುದ್ದಿಯೂ ಅದರಲ್ಲೇ ಬರುತ್ತದೆ. ಗೂಗಲ್ ಮರುವರ್ಷ ಆಂಡ್ರಾಯ್ಡ್‌ಗೆ ಇಂಥದ್ದೇ ಮಾಡಿತು. ಅದು ಹೆಸರು ಬದಲಿಸಿಕೊಳ್ಳುತ್ತಾ 2016ರಲ್ಲಿ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಆಯಿತು. ಅಂದ್ರೆ, ನಿಮ್ಮ ಸರ್ವರ್ ಕುವೆಂಪುನಗರದ ಮನೆಯ ಅಟ್ಟದಲ್ಲೇ ಇದ್ದರೂ ಅದರ ಸುದ್ದಿ ನಿಮ್ಮ ಜೇಬಿಗೆ ಬರಲು ಸಾಮಾನ್ಯವಾಗಿ ಈ ಎರಡು ಕಂಪನಿಗಳಲ್ಲಿ ಒಂದನ್ನು ಹಾದು ಬರಬೇಕು. ಎಲ್ಲವನ್ನೂ ಸ್ವಂತವಾಗಿ ನಡೆಸುವ ಹಟ ಇರುವವರಿಗೆ ಇದು ಇರುಸುಮುರುಸು. ಆಂಡ್ರಾಯ್ಡ್‌ನಲ್ಲಿ ತಪ್ಪಿಸಿಕೊಳ್ಳುವ ದಾರಿ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ಐಫೋನಿನಲ್ಲಿ ಇಲ್ಲ.

"ಇಮೇಲ್ ಸಾಕಲ್ವಾ?" ಅನ್ನುವವರಿದ್ದಾರೆ. ಹೇಳಿದ ಹೊತ್ತಿಗೆ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಮೊದಲಿನಿಂದಲೂ ಮೇಲ್ ಕಳಿಸುತ್ತದೆ, ನಿಜ. ಆದರೆ ನಾವು ಬೇರೇನೂ ಹೊಂದಿಸದಿದ್ದರೆ ಆ ಮೇಲ್ ಅದೇ ಯಂತ್ರದೊಳಗಿನ ಡಬ್ಬಿಗೆ ಬಿದ್ದು ಅಲ್ಲೇ ಕೊಳೆಯುತ್ತದೆ. ಮನೆಯ ಇಂಟರ್‌ನೆಟ್‌ನಿಂದ ನೇರ ಕಳಿಸಿದರೆ ಬಹಳಷ್ಟು ಸಲ ಸ್ಪ್ಯಾಮ್ ಪಾಲಾಗುತ್ತದೆ. ಎಸ್‌ಎಂಎಸ್ ಬೇಕೆಂದರೆ ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಡಿಎಲ್‌ಟಿ ಅನ್ನುವ ವ್ಯವಸ್ಥೆಯಲ್ಲಿ ನೋಂದಣಿ, ಮೆಸೇಜಿನ ಮಾದರಿಗೆ ಮೊದಲೇ ಒಪ್ಪಿಗೆ ಎಲ್ಲ ಬೇಕು. ರಾಸ್ಬೆರಿ ಪೈಯಂಥ ಒಂದು ಪುಟ್ಟ ಕಂಪ್ಯೂಟರಿಗೆ ಅಷ್ಟು ಸಂಭ್ರಮ ಬೇಡ. ವಾಟ್ಸ್ಆ್ಯಪ್‌ನಲ್ಲಿ ಅಧಿಕೃತ ದಾರಿ ಇರುವುದು ಬಿಸಿನೆಸ್ ಖಾತೆಗಳಿಗೆ. ಕಳ್ಳದಾರಿಯ ಲೈಬ್ರರಿ ಬಳಸಿದರೆ ನಂಬರೇ ಬ್ಲಾಕ್ ಆಗಬಹುದು. ಟೆಲಿಗ್ರಾಂ ಬಾಟ್ ಮಾತ್ರ ನಿಜಕ್ಕೂ ಸುಲಭ. ಹೊಸ ಬಾಟ್ ಮಾಡಿಕೊಡುವ ಟೆಲಿಗ್ರಾಂನದ್ದೇ ಬಾಟ್‌ಫಾದರ್ ಹತ್ತಿರ ಒಂದು ಟೋಕನ್ ಪಡೆದರೆ ಅರ್ಧ ಕೆಲಸ ಮುಗಿಯಿತು. ಆದರೆ ಮದುವೆ ಗುಂಪು, ಆಫರ್ ಚಾನೆಲ್‌ಗಳ ಗದ್ದಲದಲ್ಲಿ ನಿಮ್ಮ ಡಿಸ್ಕಿನ ಕೂಗು ಮುಳುಗಿಹೋಗುತ್ತದೆ. ಅಲರ್ಟ್‌ಗೆ ಅಂತಲೇ ಬೇರೆ ಆ್ಯಪ್ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಅಂಥವುಗಳಲ್ಲಿ ನಾನು ಬಳಸುವುದು ಎನ್‌ಟಿಎಫ್‌ವೈ. ಕರೆಯುವಾಗ ನೋಟಿಫೈ ಅನ್ನುತ್ತಾರೆ. ಫಿಲಿಪ್ ಹೆಕೆಲ್ ಅನ್ನುವವರು ಶುರು ಮಾಡಿದ ಮುಕ್ತ ತಂತ್ರಾಂಶ, ಗೋ ಭಾಷೆಯಲ್ಲಿದೆ. ಟಾಪಿಕ್ ಅಂತ ಒಂದು ಹೆಸರು ಆರಿಸಿಕೊಳ್ಳಿ. ಫೋನಿನ ಆ್ಯಪ್‌ನಲ್ಲಿ ಆ ಹೆಸರಿಗೆ ಸಬ್‌ಸ್ಕ್ರೈಬ್ ಮಾಡಿ. ಎನ್‌ಟಿಎಫ್‌ವೈ ವಿಳಾಸದ ಕೊನೆಗೆ ಆ ಹೆಸರು ಸೇರಿಸಿ, ಸರ್ವರ್‌ನಿಂದ ಕರ್ಲ್ ಆಜ್ಞೆಯಲ್ಲಿ ಆ ವಿಳಾಸಕ್ಕೆ ಒಂದು ಸಾಲು ಕಳಿಸಿ. ಫೋನು ಟಿಣ್ ಅನ್ನುತ್ತದೆ. ಖಾತೆ ತೆರೆಯುವ ತಾಪತ್ರಯವೂ ಇಲ್ಲ.

ಹುಷಾರಾಗಿರಬೇಕಾದ್ದೂ ಇಲ್ಲೇ. ಎನ್‌ಟಿಎಫ್‌ವೈಯವರೇ ನಡೆಸುವ ಸಾರ್ವಜನಿಕ ಸರ್ವರ್‌ನಲ್ಲಿ ಟಾಪಿಕ್ ಹೆಸರೇ ಪಾಸ್‌ವರ್ಡ್ ಇದ್ದಂತೆ. "ಮೈಸೂರು-ಬ್ಯಾಕಪ್" ಅಂತ ಇಟ್ಟರೆ, ಆ ಹೆಸರು ಊಹಿಸಿದ ಯಾರು ಬೇಕಾದರೂ ನಿಮ್ಮ ಮೆಸೇಜ್ ಓದಬಹುದು, ಸುಳ್ಳು ಮೆಸೇಜನ್ನೂ ಕಳಿಸಬಹುದು. ಅರ್ಥವೇ ಇಲ್ಲದ ಉದ್ದನೆಯ ಅಕ್ಷರಮಾಲೆ ಇಡಿ.

ಕನ್ನಡದಲ್ಲಿ ಕಳಿಸಬಹುದಾ? ಧಾರಾಳವಾಗಿ. ಮನೆಯವರ ಫೋನಿಗೆ "ಫೋಟೋ ಸರ್ವರ್ ನಿಂತಿದೆ, ಸಂಜೆ ಸರಿ ಮಾಡುತ್ತೇನೆ" ಅಂತ ಕನ್ನಡದಲ್ಲೇ ಹೋದರೆ ಎಷ್ಟು ಚೆನ್ನ. ಎರಡು ತೊಡಕು ಮಾತ್ರ ಗೊತ್ತಿರಲಿ. ಒಂದು ಮೆಸೇಜಿಗೆ 4096 ಬೈಟ್ ಮಿತಿ. ಅಕ್ಷರಗಳನ್ನು ಬೈಟ್ ಆಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ 3 ಬೇಕು. "ಕ್ಷ" ಅಂತ ಬರೆದರೆ ನಮಗೆ ಒಂದೇ ಅಕ್ಷರ. ಒಳಗೆ ಅದು ಮೂರು ಸಂಕೇತ, 9 ಬೈಟ್. ಹಾಗಾಗಿ ಲಾಗ್ ಪೂರ್ತಿ ತುರುಕಬೇಡಿ. ಎರಡನೆಯದು ಇನ್ನೂ ತಮಾಷೆ. ಮೆಸೇಜಿನ ಶೀರ್ಷಿಕೆ ಹೋಗುವುದು ಎಚ್‌ಟಿಟಿಪಿ ಹೆಡರ್‌ನಲ್ಲಿ, ಅಂದರೆ ಮೆಸೇಜಿಗಿಂತ ಮುಂಚೆ ಹೋಗುವ ಸಾಲುಗಳಲ್ಲಿ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಹೆಡರ್‌ನಲ್ಲಿ ಕನ್ನಡ ಕಂಡರೆ ಎನ್‌ಕೋಡಿಂಗ್ ದೋಷ ಅಂತ ಹೇಳಿ ಅಲ್ಲೇ ನಿಂತುಬಿಡುತ್ತದೆ. ಅಲರ್ಟ್ ಕಳಿಸಬೇಕಾದ ಹೊತ್ತಿಗೆ ಸರಿಯಾಗಿ ಅಲರ್ಟ್ ಸ್ಕ್ರಿಪ್ಟೇ ಬೀಳುತ್ತದೆ. ಶೀರ್ಷಿಕೆ, ಮೆಸೇಜ್ ಎರಡನ್ನೂ ಜೇಸನ್ ಅನ್ನುವ ಪಠ್ಯ ರೂಪದಲ್ಲಿ ಕಳಿಸಿದರೆ ಈ ತೊಂದರೆ ಇಲ್ಲ. ಆಗ ಟಾಪಿಕ್ ಹೆಸರನ್ನು ವಿಳಾಸದಲ್ಲಿ ಹಾಕಬೇಡಿ, ಜೇಸನ್ ಒಳಗೇ ಹಾಕಿ.

ಎನ್‌ಟಿಎಫ್‌ವೈಯನ್ನೇ ಸ್ವಂತ ಸರ್ವರ್‌ನಲ್ಲಿ ನಡೆಸಬಹುದು. ತಂತ್ರಾಂಶವನ್ನು ಕಂಟೈನರ್ ಅನ್ನುವ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್‌ನಲ್ಲಿ ಸಲೀಸಾಗಿ ಏಳುತ್ತದೆ. ಆದರೆ ಹಾಗೇ ಬಿಟ್ಟರೆ ಅದರಲ್ಲಿ ಯಾರು ಬೇಕಾದರೂ ಓದಬಹುದು, ಬರೆಯಬಹುದು. ಸೆಟ್ಟಿಂಗ್ಸ್ ಕಡತದಲ್ಲಿ ಆಥ್-ಫೈಲ್ ಎಲ್ಲಿದೆ ಅಂತ ಹೇಳಿ, ಆಥ್-ಡಿಫಾಲ್ಟ್-ಆಕ್ಸೆಸ್ ಅನ್ನುವುದಕ್ಕೆ ಡಿನೈ-ಆಲ್ ಕೊಡಿ. ಆಮೇಲೆ ಬಳಕೆದಾರರನ್ನು ಸೇರಿಸಿ. ಸ್ಕ್ರಿಪ್ಟುಗಳಿಗೆ ಬರೆಯುವ ಹಕ್ಕು ಮಾತ್ರ ಸಾಕು, ಓದುವ ಹಕ್ಕು ಬೇಡ. ಕ್ಯಾಶ್-ಫೈಲ್ ಕೊಡದಿದ್ದರೆ ಮೆಸೇಜುಗಳು ಮೆಮೊರಿಯಲ್ಲಷ್ಟೇ ಇರುತ್ತವೆ. ರೀಸ್ಟಾರ್ಟ್ ಆದರೆ ಮಾಯ. ಹೊರಗಿನ ಕೋರಿಕೆಗಳನ್ನು ಒಳಗೆ ದಾಟಿಸುವ ಎಂಜಿನೆಕ್ಸ್‌ನಂಥ ಪ್ರಾಕ್ಸಿ ಹಿಂದೆ ಇಟ್ಟಿದ್ದರೆ ಬಿಹೈಂಡ್-ಪ್ರಾಕ್ಸಿ ಆನ್ ಮಾಡಿ. ಇಲ್ಲದಿದ್ದರೆ ಎಲ್ಲರನ್ನೂ ಒಬ್ಬರೇ ಅಂದುಕೊಂಡು ಮಿತಿ ಹೇರುತ್ತದೆ.

ಮನೆಯಲ್ಲಿ ಐಫೋನ್ ಇದ್ದವರಿಗೆ ಇನ್ನೊಂದು ಸಾಲು ಬೇಕು. ಅದು ಅಪ್‌ಸ್ಟ್ರೀಮ್-ಬೇಸ್-ಯುಆರ್‌ಎಲ್. ಅಲ್ಲಿ ಎನ್‌ಟಿಎಫ್‌ವೈಯವರ ಸಾರ್ವಜನಿಕ ಸರ್ವರ್ ವಿಳಾಸ ಕೊಡಬೇಕು. ಆಗ ನಿಮ್ಮ ಸರ್ವರ್ ಅವರ ಮೂಲಕ, ಆ್ಯಪಲ್ ಮೂಲಕ, ಫೋನನ್ನು ಸುಮ್ನೆ ತಟ್ಟಿ ಎಬ್ಬಿಸುತ್ತದೆ. ಮೆಸೇಜಿನ ವಿಷಯ ಆ ದಾರಿಯಲ್ಲಿ ಹೋಗುವುದಿಲ್ಲ. ಎದ್ದ ಫೋನು ನಿಮ್ಮ ಸರ್ವರ್‌ಗೇ ಬಂದು ಓದಿಕೊಳ್ಳುತ್ತದೆ. ಆಂಡ್ರಾಯ್ಡ್‌ನಲ್ಲಿ ಎಫ್-ಡ್ರಾಯ್ಡ್ ಅನ್ನುವ ಮುಕ್ತ ಆ್ಯಪ್ ಅಂಗಡಿಯಿಂದ ಹಾಕಿಕೊಂಡ ಆ್ಯಪ್ ಗೂಗಲ್ ಹಂಗಿಲ್ಲದೆ ನೇರ ನಿಮ್ಮ ಸರ್ವರ್ ಜೊತೆ ಸಂಪರ್ಕ ಇಟ್ಟುಕೊಳ್ಳುತ್ತದೆ. ಆಗಲೇ ಹೇಳಿದ ದಾರಿ ಇದೇ.

ಗಾಟಿಫೈ ಅಂತ ಇನ್ನೊಂದಿದೆ, ಅದೂ ಹಗುರ, ಅದೂ ಚೆನ್ನಾಗಿದೆ. ಅಧಿಕೃತ ಐಫೋನ್ ಆ್ಯಪ್ ಇಲ್ಲ ಅನ್ನುವುದೊಂದೇ ಕೊರತೆ. ಯಾವುದು ಬೇಕು ಅಂತ ತೀರ್ಮಾನ ಆಗದವರು ಅಪ್ರೈಸ್ ಅನ್ನುವ ಪೈಥಾನ್ ಲೈಬ್ರರಿ ನೋಡಿ. ನೂರಕ್ಕೂ ಹೆಚ್ಚು ಸೇವೆಗಳಿಗೆ ಒಂದೇ ಬಗೆಯಲ್ಲಿ ಕಳಿಸುತ್ತದೆ, ನಾಳೆ ಮನಸ್ಸು ಬದಲಾದರೆ ಒಂದು ವಿಳಾಸ ಬದಲಿಸಿದರೆ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು ಎತ್ತುತ್ತೇನೆ. ಅಲರ್ಟ್ ಸರ್ವರನ್ನು ಮನೆಯೊಳಗೆ ಇಡಬೇಡಿ. ಮನೆಯ ಫೈಬರ್ ಕಟ್ ಆದ ದಿನ ಅದಕ್ಕೆ ಬಾಯಿ ಇರುವುದಿಲ್ಲ. ಎಸ್‌ಎಸ್‌ಡಿ ಕೈಕೊಟ್ಟ ದಿನ ಅದೂ ಜೊತೆಗೇ ಹೋಗುತ್ತದೆ. ಎಷ್ಟೋ ಮನೆಗಳ ಕನೆಕ್ಷನ್ ಸಿಜಿ-ನ್ಯಾಟ್ ಹಿಂದೆ, ಅಂದರೆ ಹಲವು ಮನೆಗಳಿಗೆ ಒಂದೇ ಇಂಟರ್‌ನೆಟ್ ವಿಳಾಸ ಹಂಚುವ ವ್ಯವಸ್ಥೆಯ ಹಿಂದೆ ಇರುವುದರಿಂದ ಹೊರಗಿನಿಂದ ತಲುಪುವುದೇ ಒಂದು ಸರ್ಕಸ್ಸು. ಹೊರಗೆ ಒಂದು ಪುಟ್ಟ ವಿಪಿಎಸ್, ಅಂದರೆ ಡೇಟಾಸೆಂಟರಿನಲ್ಲಿರುವ ವರ್ಚುವಲ್ ಸರ್ವರ್, ಬಾಡಿಗೆಗೆ ತಗೊಳ್ಳಿ. ಅದೂ ಬೇಡ ಅಂದರೆ ಸಾರ್ವಜನಿಕ ಸರ್ವರನ್ನೇ ಬಳಸಿ, ಮೆಸೇಜಿನಲ್ಲಿ ಗುಟ್ಟಿನ ವಿಷಯ ಬರೆಯಬೇಡಿ. "ಪೈ ಒಂದರ ಬ್ಯಾಕಪ್ ಆಗಿಲ್ಲ" ಅಂತ ಬೇರೆಯವರು ಓದಿದರೆ ನಷ್ಟ ಏನೂ ಇಲ್ಲ.

ಫೋನಿನ ಕಡೆಯ ಕೆಲಸವನ್ನು ಬಹಳ ಜನ ಮರೆಯುತ್ತಾರೆ. 2015ರ ಆಂಡ್ರಾಯ್ಡ್ 6ರಿಂದ ಡೋಝ್ ಇದೆ. ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೆ ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸುತ್ತದೆ. ಅದರ ಮೇಲೆ ಕೆಲವು ಫೋನ್ ತಯಾರಕರು ತಮ್ಮದೇ ಬ್ಯಾಟರಿ ಉಳಿತಾಯವನ್ನೂ ಸೇರಿಸುತ್ತಾರೆ. ಎನ್‌ಟಿಎಫ್‌ವೈಗೆ ಬ್ಯಾಟರಿ ಆಪ್ಟಿಮೈಸೇಶನ್ ತೆಗೆಯಿರಿ, ಆಟೋ ಸ್ಟಾರ್ಟ್ ಕೊಡಿ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಲೂ ಅನುಮತಿ ಬೇಕು. ಹೊಸ ಫೋನಿನಲ್ಲಿ ಆತುರಕ್ಕೆ "ಬೇಡ" ಒತ್ತಿದ್ದರೆ ಅಲ್ಲಿಗೇ ಕತೆ ಮುಗಿಯಿತು. ಈ ಆ್ಯಪ್ 1ರಿಂದ 5ರವರೆಗಿನ ಪ್ರತಿ ಆದ್ಯತೆಗೂ ಬೇರೆ ಬೇರೆ ಚಾನೆಲ್ ಮಾಡುತ್ತದೆ. 5ಕ್ಕೆ ಮಾತ್ರ ಜೋರಾದ ಸದ್ದು ಕೊಟ್ಟು, ಡು ನಾಟ್ ಡಿಸ್ಟರ್ಬ್ ದಾಟಿ ಬರಲು ಬಿಡಿ. ಉಳಿದವು ಬೆಳಗ್ಗೆ ಎದ್ದಾಗ ಕಾಣಿಸಿದರೆ ಸಾಕು.

ಹಾಗಾದರೆ 5 ಯಾವುದಕ್ಕೆ? ಮೈಸೂರು-ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕೆಆರ್‌ಎಸ್ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ. ಗರಿಷ್ಠ 124.80 ಅಡಿ, ಇಂದಿನದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕಾಫಿ ಕುಡಿಯುತ್ತಾ ನೋಡುತ್ತೇವೆ, ಯಾರೂ ಎದ್ದು ಓಡುವುದಿಲ್ಲ. ಆದರೆ ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಡುವಾಗ ನದಿ ಪಾತ್ರದ ಜನರಿಗೆ ಬೇರೆಯಾಗಿ ಎಚ್ಚರಿಕೆ ಕೊಡುತ್ತಾರೆ. ಆಗ ಶ್ರೀರಂಗಪಟ್ಟಣದ ಹೊಳೆ ದಂಡೆಯವರು ದನಕರು, ಪಂಪ್‌ಸೆಟ್ಟು ಎಲ್ಲವನ್ನೂ ಮೇಲಕ್ಕೆ ಸಾಗಿಸಬೇಕು. ಸಿಪಿಯು ಎಷ್ಟು, ಮೆಮೊರಿ ಎಷ್ಟು, ಯಾವ ಕಂಟೈನರ್‌ಗೆ ಅಪ್‌ಡೇಟ್ ಬಂದಿದೆ, ಇವೆಲ್ಲ ಪೇಪರಿನ ಅಂಕಿಗಳು. ಡ್ಯಾಶ್‌ಬೋರ್ಡ್‌ನಲ್ಲಿರಲಿ. ನೀವು ಎದ್ದು ಏನಾದರೂ ಮಾಡಲೇಬೇಕು ಅನ್ನುವಂಥದ್ದು ಮಾತ್ರ ಫೋನಿಗೆ ಬರಲಿ.

ಒಂದರಲ್ಲಿದ್ದದ್ದೇ ಇನ್ನೊಂದರಲ್ಲೂ ಇರುವಂತೆ ಮಿರರ್ ಮಾಡಿದ ಎರಡು ಡಿಸ್ಕಿನಲ್ಲಿ ಒಂದು ಸತ್ತಿದೆ ಅಂದುಕೊಳ್ಳಿ. ಹೊರಗಿನಿಂದ ನೋಡಿದರೆ ಎಲ್ಲ ಮೊದಲಿನಂತೆಯೇ ನಡೆಯುತ್ತದೆ, ಫೋಟೋಗಳೂ ತೆರೆಯುತ್ತವೆ. ಎರಡನೆಯದು ಹೋಗುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಮಿರರ್ ನೋಡಿಕೊಳ್ಳುವ ಎಂಡಿಎಡಿಎಂ, ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಡಿ ಎರಡರಲ್ಲೂ ತೊಂದರೆ ಕಂಡಾಗ ನಿಮ್ಮ ಸ್ಕ್ರಿಪ್ಟ್ ಓಡಿಸುವ ಸೌಲಭ್ಯ ಇದೆ. ಅಲ್ಲಿ ಎನ್‌ಟಿಎಫ್‌ವೈ ಸಾಲು ಹಾಕಿ.

ಸರ್ಟಿಫಿಕೇಟ್ ವಿಷಯ ಇನ್ನೊಂದು. ವೆಬ್ ವಿಳಾಸ ಸುರಕ್ಷಿತ ಅಂತ ತೋರಿಸಲು ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುವ ಸರ್ಟಿಫಿಕೇಟಿನ ಆಯಸ್ಸು ಸಾಮಾನ್ಯವಾಗಿ 90 ದಿನ. ಮೊದಲೆಲ್ಲ ಅವಧಿ ಮುಗಿಯುವ ಮುಂಚೆ ಅವರೇ ಮೇಲ್ ಕಳಿಸುತ್ತಿದ್ದರು. 2025ರ ಜೂನ್ 4ಕ್ಕೆ ಅದನ್ನು ನಿಲ್ಲಿಸಿದರು. "ಮೇಲ್ ಬಂದಿಲ್ಲ, ಹಾಗಾದರೆ ಸರಿಯಾಗಿದೆ" ಅಂತ ಈಗಲೂ ನಂಬಿ ಕೂತವರಿದ್ದರೆ ಇವತ್ತೇ ನೋಡಿಕೊಳ್ಳಿ. ಸರ್ಟಿಫಿಕೇಟನ್ನು ತಾನಾಗೇ ನವೀಕರಿಸುವ ತಂತ್ರಾಂಶ ಸರ್ಟ್‌ಬಾಟ್ ಸಾಮಾನ್ಯವಾಗಿ 30 ದಿನ ಬಾಕಿ ಇರುವಾಗಲೇ ನವೀಕರಿಸುತ್ತದೆ. ಹಾಗಾಗಿ 20 ದಿನ ಉಳಿದರೂ ಹಳೆಯದೇ ಇದ್ದರೆ ಏನೋ ಕೆಟ್ಟಿದೆ ಅಂತಲೇ ಅರ್ಥ. ಸೇವೆಗಳು ನಡೆಯುತ್ತಿವೆಯಾ ಅಂತ ಆಗಾಗ ತಟ್ಟಿ ನೋಡುವ ಅಪ್‌ಟೈಮ್ ಕುಮಾ ಹಾಕಿಕೊಂಡರೆ ಇದನ್ನೂ ಅದೇ ನೋಡಿಕೊಳ್ಳುತ್ತದೆ. ಅದರಲ್ಲಿ ರೀಟ್ರೈ ಸಂಖ್ಯೆಯನ್ನು ಸ್ವಲ್ಪ ಏರಿಸಿ. ಒಂದೇ ಒಂದು ಪಿಂಗ್ ತಪ್ಪಿದ್ದಕ್ಕೆ ರಾತ್ರಿ ಎಬ್ಬಿಸುವ ಸಾಫ್ಟ್‌ವೇರನ್ನು ಮನುಷ್ಯರು ವಾರದೊಳಗೆ ಮ್ಯೂಟ್ ಮಾಡುತ್ತಾರೆ.

ಎಲ್ಲಕ್ಕಿಂತ ಕೆಟ್ಟ ಅಲರ್ಟ್ ಯಾವುದು ಗೊತ್ತಾ? "ಬ್ಯಾಕಪ್ ಯಶಸ್ವಿ." ಮೊದಲ ಎರಡು ದಿನ ಖುಷಿಯಾಗುತ್ತದೆ. ಆಮೇಲೆ ಬೆರಳು ತಾನಾಗೇ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಒಂದು ದಿನ ಅದು ಬರುವುದು ನಿಂತರೆ ಯಾರ ಗಮನಕ್ಕೂ ಬರುವುದಿಲ್ಲ. ಬಂದದ್ದು ಕಣ್ಣಿಗೆ ಬೀಳುತ್ತದೆ, ಬರದೇ ಇದ್ದದ್ದು ಬೀಳುವುದಿಲ್ಲ ಅಲ್ವಾ?

ಬರದೇ ಇದ್ದದ್ದನ್ನು ಗಮನಿಸುವ ಕೆಲಸವನ್ನು ಯಂತ್ರಕ್ಕೇ ಕೊಡಬೇಕು. ಇದಕ್ಕೆ ಹೆಲ್ತ್‌ಚೆಕ್ಸ್ ಅನ್ನುವ ಮುಕ್ತ ತಂತ್ರಾಂಶ ಇದೆ. ಅವರೇ ನಡೆಸುವ ಸೇವೆಯೂ ಇದೆ, ಪುಕ್ಕಟೆ ಖಾತೆ ಮನೆಬಳಕೆಗೆ ಸಾಕು. ಪ್ರತಿ ಕೆಲಸಕ್ಕೂ ಒಂದು ಗುಟ್ಟಿನ ವಿಳಾಸ ಕೊಡುತ್ತಾರೆ. ನಿಮ್ಮ ಬ್ಯಾಕಪ್ ಸ್ಕ್ರಿಪ್ಟು ಕೊನೆಯಲ್ಲಿ ಆ ವಿಳಾಸವನ್ನು ಒಮ್ಮೆ ಮುಟ್ಟಿ ಬರಬೇಕು. ದಿನಕ್ಕೊಮ್ಮೆ ಬರಬೇಕು, ಒಂದೆರಡು ಗಂಟೆ ತಡವಾದರೆ ಪರವಾಗಿಲ್ಲ ಅಂತ ನೀವು ಹೇಳಿರುತ್ತೀರಿ. ಆ ಹೊತ್ತು ಮೀರಿದರೆ ಅವರು ಎನ್‌ಟಿಎಫ್‌ವೈ ಮೂಲಕ ನಿಮ್ಮನ್ನು ಎಬ್ಬಿಸುತ್ತಾರೆ. ಡಿಸ್ಕ್ ಸತ್ತಿರಲಿ, ಕ್ರಾನ್ ಸಾಲು ಅಳಿಸಿಹೋಗಿರಲಿ, ಯಾರೋ ಪ್ಲಗ್ ಕಿತ್ತು ಮಿಕ್ಸಿ ಹಾಕಿರಲಿ, ಎಲ್ಲವೂ ಇದರಲ್ಲಿ ಸಿಕ್ಕಿಬೀಳುತ್ತವೆ. ಏನು ಕೆಟ್ಟೀತು ಅಂತ ಮೊದಲೇ ಪಟ್ಟಿ ಮಾಡುವ ಕೆಲಸವಿಲ್ಲ. ಅಪ್‌ಟೈಮ್ ಕುಮಾದಲ್ಲಿ ಪುಶ್ ಅನ್ನುವ ಮಾನಿಟರ್ ಇದೇ ಕೆಲಸ ಮಾಡುತ್ತದೆ. ಅದನ್ನು ಮಂಡ್ಯದಲ್ಲಿರುವ ಗೆಳೆಯರ ಮನೆಯಲ್ಲಿ ಇಡಿ, ಅವರದ್ದನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ಎರಡು ಊರು, ಎರಡು ಫೈಬರ್, ಖರ್ಚಿಲ್ಲ.

ಒಂದು ಸೂಕ್ಷ್ಮ ಇದೆ. ಡೇಟಾಬೇಸ್ ಡಂಪ್, ಅಂದರೆ ಪೂರ್ತಿ ನಕಲು ತೆಗೆದು, ಪೈಪ್ ಮೂಲಕ ಗಾತ್ರ ಕುಗ್ಗಿಸುವ ಜಿಜಿಪ್‌ಗೆ ಕೊಡುವ ರೂಢಿ ನಮ್ಮೆಲ್ಲರದು. ಡಂಪ್ ಅರ್ಧಕ್ಕೇ ಬಿದ್ದರೂ ಜಿಜಿಪ್ ಸಿಕ್ಕಿದ್ದನ್ನು ಕುಗ್ಗಿಸಿ "ನನ್ನ ಕೆಲಸ ಆಯಿತು" ಅನ್ನುತ್ತದೆ. ಸ್ಕ್ರಿಪ್ಟ್ ಓಡಿಸುವ ಬ್ಯಾಷ್ ನಂಬುವುದು ಪೈಪಿನ ಕೊನೆಯವನ ಮಾತನ್ನು. ಸ್ಕ್ರಿಪ್ಟಿನ ಮೇಲ್ಭಾಗದಲ್ಲಿ ಪೈಪ್‌ಫೇಲ್ ಆಯ್ಕೆ ಹಾಕಿ. ಡಂಪ್ ಕಡತದ ಗಾತ್ರ ತೀರಾ ಚಿಕ್ಕದಾಗಿದ್ದರೆ ವಿಳಾಸ ಮುಟ್ಟದಂತೆ ಒಂದು ಷರತ್ತೂ ಇರಲಿ.

ಕೊನೆಗೆ ಕರೆಂಟು. ಮಳೆ-ಗಾಳಿ ಶುರುವಾದರೆ ನಮ್ಮಲ್ಲಿ ಕರೆಂಟ್ ಕಣ್ಣಾಮುಚ್ಚಾಲೆ ಆಡುವುದು ಗೊತ್ತೇ ಇದೆ. ಯುಪಿಎಸ್‌ಗೆ ಯುಎಸ್‌ಬಿ ಕೇಬಲ್ ಇದ್ದರೆ ನಟ್ ಅನ್ನುವ ತಂತ್ರಾಂಶ ಅದರ ಜೊತೆ ಮಾತಾಡುತ್ತದೆ. ಪ್ರತಿ ಸಲ ಬ್ಯಾಟರಿಗೆ ಹೋದಾಗಲೂ ಅಲರ್ಟ್ ಬಂದರೆ ತಲೆ ಕೆಡುತ್ತದೆ. ಅದರ ಜೊತೆಗಿರುವ ಯುಪಿಎಸ್‌ಶೆಡ್‌ನಲ್ಲಿ ಟೈಮರ್ ಇಡಬಹುದು. ಐದು ನಿಮಿಷದೊಳಗೆ ಕರೆಂಟ್ ಬಂದರೆ ಟೈಮರ್ ರದ್ದು, ಬರದಿದ್ದರೆ ಅಲರ್ಟ್. ಆದರೆ ಸರ್ವರ್ ಮಾತ್ರ ಯುಪಿಎಸ್ ಮೇಲಿದ್ದು ರೂಟರ್, ಫೈಬರ್ ಡಬ್ಬಿ ಎರಡೂ ಗೋಡೆಯ ಪ್ಲಗ್ಗಿನಲ್ಲಿದ್ದರೆ ಆ ಅಲರ್ಟ್ ಮನೆ ದಾಟುವುದೇ ಇಲ್ಲ. ಮೂರೂ ಯುಪಿಎಸ್ ಮೇಲಿರಬೇಕು.

ಇನ್ನು ಪ್ರಶ್ನೆಗಳು.

ಮಂಡ್ಯದ ಕಡೆಯ ಒಬ್ಬರು ಕೇಳಿದರು. "ನಮ್ಮ ತೋಟದ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಇದೆ. ತ್ರೀ ಫೇಸ್ ಬಂದ ತಕ್ಷಣ ಫೋನ್ ಬರುತ್ತೆ. ಸರ್ವರ್‌ಗೂ ಹಾಗೆ ಆಗಲ್ವಾ?"

ಆ ಸ್ಟಾರ್ಟರ್ ಮಾಡಿದವರು ನಮಗಿಂತ ಚೆನ್ನಾಗಿ ಯೋಚನೆ ಮಾಡಿದ್ದಾರೆ. ಅದರೊಳಗೆ ಅದರದ್ದೇ ಸಿಮ್ ಇದೆ, ಯಾರ ವೈಫೈ ಹಂಗೂ ಇಲ್ಲ. ಸರ್ವರ್‌ಗೂ ಸಿಮ್ ಇರುವ ಒಂದು ಡಾಂಗಲ್ ಎರಡನೇ ದಾರಿಯಾಗಿ ಇದ್ದರೆ ಫೈಬರ್ ಹೋದರೂ ಸುದ್ದಿ ಹೊರಗೆ ಹೋಗುತ್ತದೆ. ರಿಂಗ್ ಆಗುತ್ತಲೇ ಇರಬೇಕು ಅನ್ನುವವರಿಗೆ ಪುಶ್‌ಓವರ್ ಅಂತ ಒಂದು ಸೇವೆ ಇದೆ. ಒಂದು ಸಲ ದುಡ್ಡು ಕೊಟ್ಟು ಕೊಳ್ಳುವ ಆ್ಯಪ್. ಅದರ ತುರ್ತು ಆದ್ಯತೆಯಲ್ಲಿ ನೀವು "ನೋಡಿದೆ" ಅಂತ ಒತ್ತುವವರೆಗೆ ಮತ್ತೆ ಮತ್ತೆ ಬಡಿಯುತ್ತದೆ, 30 ಸೆಕೆಂಡಿಗೊಮ್ಮೆ ಬೇಕಾದರೂ, 3 ಗಂಟೆವರೆಗೆ ಬೇಕಾದರೂ.

ಪ್ರಿಂಟಿಂಗ್ ಅಂಗಡಿ ನಡೆಸುವ ಮೇಡಂ ಒಬ್ಬರ ಪ್ರಶ್ನೆ. "ಬಿಲ್ಲಿಂಗ್ ಕಂಪ್ಯೂಟರಿನ ಅಲರ್ಟ್ ನನಗೂ ನಮ್ಮ ಹುಡುಗನಿಗೂ ಇಬ್ಬರಿಗೂ ಬರಲಿ ಅಂತ ಮಾಡಬಹುದಾ?"

ಮಾಡಬಹುದು, ಇಬ್ಬರೂ ಒಂದೇ ಟಾಪಿಕ್‌ಗೆ ಸೇರಿಕೊಂಡರೆ ಆಯಿತು. ಆದರೆ ನಾನಾಗಿದ್ದರೆ ಮಾಡುವುದಿಲ್ಲ ಮೇಡಂ. ನೀವು ಹುಡುಗ ನೋಡಿರುತ್ತಾನೆ ಅಂದುಕೊಳ್ಳುತ್ತೀರಿ, ಹುಡುಗ ಮೇಡಂ ನೋಡಿರುತ್ತಾರೆ ಅಂದುಕೊಳ್ಳುತ್ತಾನೆ. ಮೊದಲು ಅವನೊಬ್ಬನಿಗೇ ಹೋಗಲಿ. ಅರ್ಧ ಗಂಟೆಯಾದರೂ ಸರಿಹೋಗದಿದ್ದರೆ ನಿಮಗೆ ಬರಲಿ. ಮೆಸೇಜಿನಲ್ಲಿ ಯಾವ ಯಂತ್ರ, ಏನಾಗಿದೆ, ಮೊದಲು ಏನು ನೋಡಬೇಕು, ಈ ಮೂರನ್ನೂ ಬರೆದಿಡಿ. "ಎರರ್ ಕೋಡ್ 1" ಅಂತ ಬಂದರೆ ಹುಡುಗ ಪಾಪ ಏನು ಮಾಡಬೇಕು?

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿಯದು. ಎಲ್ಲ ಹಾಕಿದ ಮೇಲೆ ಕೆಲಸ ಮಾಡುತ್ತಿದೆ ಅಂತ ಹೇಗೆ ನಂಬುವುದು?

ಟೆಸ್ಟ್ ಬಟನ್ ಒತ್ತಿ ನಂಬಬೇಡಿ. ಅದನ್ನು ಒತ್ತುವಾಗ ಫೋನು ಕೈಯಲ್ಲಿ ಎಚ್ಚರವಾಗಿಯೇ ಇರುತ್ತದೆ. ರಾತ್ರಿ ಮಲಗುವ ಮುಂಚೆ ಫೋನಿನ ವೈಫೈ ಆಫ್ ಮಾಡಿ ಮೊಬೈಲ್ ಡೇಟಾಗೆ ಬನ್ನಿ. ರೂಟರಿನ ಪ್ಲಗ್ ಕಿತ್ತು, ಫೋನನ್ನು ಪಕ್ಕದ ರೂಮಿನಲ್ಲಿಟ್ಟು ಮಲಗಿ. ಮನೆಯವರಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಅಲರ್ಟ್‌ಗಿಂತ ಮುಂಚೆ ಅವರೇ ಎಬ್ಬಿಸುತ್ತಾರೆ. ನೀವು ಕೊಟ್ಟ ಗಡುವು ಮುಗಿದು ಹತ್ತು ನಿಮಿಷದೊಳಗೆ ಫೋನು ಕೂಗಬೇಕು. ಕೂಗದೆ ಬೆಳಗಾದರೆ ಮೊದಲು ಹೆಲ್ತ್‌ಚೆಕ್ಸ್ ಪುಟ ತೆರೆದು ನೋಡಿ. ಅಲ್ಲಿ ಕೆಂಪು ಬಂದಿದ್ದರೆ ತೊಂದರೆ ಬಹುಶಃ ಫೋನಿನದು, ಬ್ಯಾಟರಿ ಸೆಟ್ಟಿಂಗ್ಸ್‌ಗೆ ಹೋಗಿ. ಅಲ್ಲಿ ಇನ್ನೂ ಹಸಿರೇ ಇದ್ದರೆ ನೀವು ಕೊಟ್ಟ ಗಡುವು ತೀರಾ ಉದ್ದ ಆಗಿದೆ, ಕಡಿಮೆ ಮಾಡಿ.